ಅರ್ಧ ಸವೆದ ರಬ್ಬರ್

ಹಳೇ ಕಾರಿನ ವಯಸ್ಸನ್ನು ಮೀಟರಿನ ಹತ್ತಿರ ಕೇಳಬಾರದು, ಪೆಡಲಿನ ಹತ್ತಿರ ಕೇಳಬೇಕು. ಇದು ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಮಾತು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಶೆಡ್ಡಿನಲ್ಲೇ ಕೂರಿಸಿಕೊಂಡು ಬೆಳೆಸಿದವನು, ಅಕ್ಷರಕ್ಕಿಂತ ಮೊದಲು ಅವಳಿಗೆ ಕಲಿಸಿದ್ದು ಇದನ್ನೇ. "ಮೀಟರ್ ಸುಳ್ಳು ಹೇಳುತ್ತೆ ಕಣೇ. ಕಾಲಲ್ಲಿ ಒತ್ತಿ ಒತ್ತಿ ಸವೆದ ರಬ್ಬರ್ ಹೇಳಲ್ಲ."

ಓದುವುದು ಶಾಸ್ತ್ರ, ಇಕ್ಕುವುದು ಗಾಳ. ಹಳೇ ಕಾರು ಮಾರುವ ಸಾಹುಕಾರನ ಶೆಡ್ಡಿನಲ್ಲಿ ಮೇಸ್ತ್ರಿಯ ಕೆಲಸವೇ ಮುದಿ ಗಾಡಿಗಳಿಗೆ ಪ್ರಾಯ ಬರಿಸುವುದು. ಓಡಿದ ಕಿಲೋಮೀಟರು ಕಡಿಮೆ ಕಾಣುವಂತೆ ಮೀಟರನ್ನು ಹಿಂದಕ್ಕೆ ತಿರುಗಿಸಲು ಲ್ಯಾಪ್‌ಟಾಪ್ ಹಿಡಿದವನೊಬ್ಬ ಬರುತ್ತಿದ್ದ; ಅದೇನು ಮಹಾ ವಿದ್ಯೆ? ಉಳಿದದ್ದೆಲ್ಲ ಮೇಸ್ತ್ರಿಯದು. ದಡ್ಡರು ಪೆಡಲಿಗೆ ಹೊಸ ರಬ್ಬರ್ ಹಾಕಿ ಸಿಕ್ಕಿಬೀಳುತ್ತಾರೆ. ಇವನು ಅಪಘಾತದಲ್ಲಿ ನಜ್ಜುಗುಜ್ಜಾದ ಎಳೇ ಗಾಡಿಗಳಿಂದ ಅರ್ಧ ಸವೆದ ರಬ್ಬರ್ ಬಿಚ್ಚಿ ತಂದು, ಮೀಟರಿನ ಸುಳ್ಳಿಗೆ ತಾಳೆಯಾಗುವಂಥದನ್ನೇ ಆರಿಸಿ ಹಾಕುತ್ತಿದ್ದ. ಸುಳ್ಳಿಗೂ ಒಂದು ಅಚ್ಚುಕಟ್ಟು ಬೇಡವೇ? ನಂಟರಿಗೆ ಮಾತ್ರ ಹೇಳಿಟ್ಟಿದ್ದ, ನಮ್ಮ ಸಾಹುಕಾರನ ಹತ್ತಿರ ಗಾಡಿ ತಗೋಬೇಡಿ ಅಂತ. ಅಷ್ಟಕ್ಕೇ ತನ್ನ ಕೈ ಶುದ್ಧ ಅಂದುಕೊಂಡಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಹಾಗೇ ಅನಿಸುತ್ತದೆ.

ಭಾನುವಾರ ಮಧ್ಯಾಹ್ನ ಮನೆ ಮುಂದೆ ಹಾರ್ನ್ ಕೇಳಿತು. ಬೂದು ಬಣ್ಣದ ಕಾರಿನಿಂದ ಮಗಳು ಇಳಿದಳು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಬೆಲ್ಟಿನೊಳಗೆ ಕೂತು ಕಾಲು ಬಡಿಯುತ್ತಿದ್ದಳು.

"ಅಪ್ಪಾ, ತಗೊಂಡೇಬಿಟ್ಟೆ! ನಿಮ್ಮ ಸಾಹುಕಾರನ ಹತ್ರ ಅಲ್ಲಪ್ಪ, ಊರಾಚೆ ಇನ್ನೊಬ್ಬನ ಹತ್ರ. ನಾಳೆಯಿಂದ ಪಾಪುನೂ ಕರ್ಕೊಂಡು ಹೈವೇಲಿ ಕೆಲಸಕ್ಕೆ ಹೋಗ್ತೀನಿ. ಅಲ್ಲೇ ಮಕ್ಕಳನ್ನ ನೋಡ್ಕೋತಾರೆ."

ಮೇಸ್ತ್ರಿ ಕಾರಿನ ಬಾಗಿಲ ಕೆಳಗಿನ ತೇಪೆ ನೋಡಿದ. ತಾನೇ ಹಾಕಿದ ತೇಪೆ. ಹಗಲೂ ರಾತ್ರಿ ಬಾಡಿಗೆಗೆ ಓಡಿ ಸೋತ ಗಾಡಿ. ಬ್ರೇಕ್ ಒಮ್ಮೆ ಹಿಡಿದರೆ ಒಮ್ಮೆ ಹಿಡಿಯದು. ಸಾಹುಕಾರನಿಗೆ ಹೇಳಿದ್ದ. ಅವನು ನಕ್ಕು, ಇನ್ನೊಬ್ಬ ವ್ಯಾಪಾರಿಗೆ ದಾಟಿಸಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಅಪ್ಪ, ಉಣ್ಣಬೇಕಾದವಳು ಮಗಳು.

"ಇದನ್ನ ವಾಪಸ್ ಕೊಟ್ಬಿಡು."

"ಯಾಕಪ್ಪ?"

"ಸತ್ತಿರೋ ಗಾಡಿ ಇದು. ಬ್ರೇಕ್ ನಂಬೋ ಹಾಗಿಲ್ಲ."

ಮಗಳು ನಕ್ಕಳು. "ಸುಮ್ನಿರಪ್ಪ. ಬಗ್ಗಿ, ಬೆರಳಾಡಿಸಿ ಪೆಡಲ್ ನೋಡಿದೀನಿ. ಮೀಟರಿಗೂ ರಬ್ಬರಿಗೂ ಸರಿಯಾಗಿ ತಾಳೆ ಇದೆ. ಮಾರೋನೇ ಬೆರಗಾದ. ಯಾರಮ್ಮ ಕಲ್ಸಿದ್ದು ಅಂದ. ನಮ್ಮಪ್ಪ ಅಂದೆ."

"ಆ ರಬ್ಬರ್ ಈ ಗಾಡೀದಲ್ಲ. ಕ್ಲಚ್ಚಿಂದು ಎಡಗಡೆ ಮೂಲೇಲಿ ಅಡಿಗಡೆ ಸೀಳಿದೆ, ಬೇಕಾದ್ರೆ ನೋಡು."

ಅವಳು ಬಗ್ಗಿ ನೋಡಿದಳು. ಸೀಳಿತ್ತು. ನಿಧಾನಕ್ಕೆ ನೆಟ್ಟಗಾಗಿ ಅಪ್ಪನ ಮುಖ ನೋಡಿದಳು.

"ನೀನು ಬಾಗ್ಲೇ ತೆಗೀಲಿಲ್ವಲ್ಲಪ್ಪ. ನಿಂಗೆ ಹೇಗೆ ಗೊತ್ತಾಯ್ತು?"

ರಬ್ಬರ್ ಹಾಕಿದ ದಿನ ಮೇಸ್ತ್ರಿ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಮೂಲೆ ಸೀಳಿದಾಗ, ಯಾರು ಅಷ್ಟು ಬಗ್ಗಿ ನೋಡುತ್ತಾರೆ ಅಂತ ಬಿಟ್ಟಿದ್ದ.

"ಅದಕ್ಕೇನಾ, ನಿಮ್ಮ ಸಾಹುಕಾರನ ಹತ್ರ ಬೇಡ ಅಂತಿದ್ದಿದ್ದು?"

"ಇದು ನಿನ್ನ ಕೈಗೆ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ ಮಗಳೇ."

"ಇನ್ಯಾರ್ದೋ ಮಗಳ ಕೈಗೆ ಹೋಗಿದ್ರೆ?"

ಸೋಮವಾರ ಪ್ರಾಯ ಬರಿಸಬೇಕಾದ ಇನ್ನೊಂದು ಗಾಡಿ ಶೆಡ್ಡಿನಲ್ಲಿ ನಿಂತಿತ್ತು. ಅದಕ್ಕೆ ಆರಿಸಿಟ್ಟ ರಬ್ಬರ್ ಮೇಸ್ತ್ರಿಯ ಜೇಬಿನಲ್ಲೇ ಇತ್ತು. ಏನೂ ತೋಚದೆ ಮೊಮ್ಮಗಳ ಬೆಲ್ಟ್ ಬಿಚ್ಚಲು ಕೈ ಚಾಚಿದ.

"ಬೇಡ, ನಾನೇ ಬಿಚ್ತೀನಿ," ಅಂದಳು ಮಗಳು.

ಕೀ ಬಾನೆಟ್ಟಿನ ಮೇಲಿಟ್ಟು, ಮಗುವನ್ನು ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಅವಳ ಹೆಗಲ ಮೇಲಿಂದ ಮಗು ತಾತನಿಗೆ ಟಾಟಾ ಮಾಡುತ್ತಿತ್ತು. ಮೇಸ್ತ್ರಿಯ ಕೈ ಮೇಲೇಳಲಿಲ್ಲ.