ಹೊಲಿಗೆಗೆ ಬಿಟ್ಟ ಒಂದಿಂಚು

“ಏಳ್ರೀ, ಅಂಗಡಿ ಹೊತ್ತಲ್ಲಿ ಯಾರಾದ್ರೂ ನಿದ್ದೆ ಮಾಡ್ತಾರಾ?” ಎಂದು ಗದರಿ, ಹೆಂಡತಿ ಕಾಫಿ ಲೋಟವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಕ್ಕಿದಳು. ದರ್ಜಿಯವರು ಏಳಲಿಲ್ಲ. ಕೊರಳಲ್ಲಿ ಅಳತೆಯ ಟೇಪು, ಕೆನ್ನೆಯ ಕೆಳಗೆ ಭೂಪಟ. ಬೆರಳು ಗಡಿರೇಖೆಯ ಈಚೆಗೇ ನಿಂತಿತ್ತು. ಆಕೆ ಎರಡನೆಯ ಸಲ ಗದರಲಿಲ್ಲ.

ಮರುದಿನ ಬೆಳಗ್ಗೆ ಸಾವಿನ ಮನೆ ತುಂಬ ಜನ. ಪ್ರಯಾಣಕ್ಕೆಂದು ಬಾಗಿಲ ಬಳಿ ಕಟ್ಟಿಟ್ಟಿದ್ದ ಪೆಟ್ಟಿಗೆಗೆ ಬಂದವರೆಲ್ಲ ಎಡವುತ್ತಿದ್ದರು.

“ಅಕ್ಕ, ಸೋಮವಾರದ ಟಿಕೆಟ್ ವಾಪಸ್ ಮಾಡಿಬಿಡಲಾ?” ಎಂದು ಬಸ್ ಡ್ರೈವರ್ ತಮ್ಮ ಮೆಲ್ಲಗೆ ಕೇಳಿದ.

“ಮೊದಲು ಇವರಿಗೆ ಕೋಟು ಹಾಕೋಣ. ಆಮೇಲೆ ಹೇಳ್ತೀನಿ.”

ಪ್ರಯಾಣಕ್ಕೆಂದು ಅವರು ತಮಗೇ ಹೊಲಿದುಕೊಳ್ಳುತ್ತಿದ್ದ ಕೋಟು ತಂದು ನೋಡಿದರೆ ಎಡತೋಳಿಗೆ ಬಿದ್ದಿದ್ದುದು ಕಚ್ಚಾ ಹೊಲಿಗೆ ಮಾತ್ರ. ಹೆಂಡತಿಯ ಕೋಟು ತಿಂಗಳ ಹಿಂದೆಯೇ ಗುಂಡಿ ಸಮೇತ ಸಿದ್ಧವಾಗಿತ್ತು.

* * *

ಹನ್ನೊಂದು ವರ್ಷದಿಂದ ಆ ಭೂಪಟ ಅದೇ ಮೇಜಿನ ಮೇಲಿತ್ತು. ಎರಡು ಸರೋವರ, ಹಿಮದ ಬೆಟ್ಟ, ಅದರಾಚೆ ಬೇರೆ ದೇಶ. ದರ್ಜಿಯವರು ಟೇಪನ್ನು ನೆಟ್ಟಗೆ ಎಳೆದು, ಸೀಮೆಸುಣ್ಣದಲ್ಲಿ ಗೆರೆ ಹಾಕಿ, “ಮಧ್ಯಾಹ್ನದ ಊಟಕ್ಕೆ ಗಡಿ ದಾಟಿರ್ತೀವಿ” ಎನ್ನುತ್ತಿದ್ದರು.

“ಭಾವ, ಬಸ್ಸು ಸರೋವರದ ಮೇಲೆ ಈಜುತ್ತಾ?”

“ಹೊಲಿಗೆಗೆ ಅಂತ ಒಂದಿಂಚು ಜಾಸ್ತಿ ಬಿಟ್ಟಿದ್ದೀನಲ್ಲೋ!”

“ಬೆಟ್ಟದ ದಾರಿ ಪ್ಯಾಂಟಲ್ಲ ಭಾವ, ನೆರಿಗೆ ಲಂಗ. ಬಿಡಿಸಿದ್ರೆ ಮುಗಿಯೋದೇ ಇಲ್ಲ.”

“ನೆರಿಗೆಯೋ ಗಿರಿಗೆಯೋ, ತಿರುವು ಅಂದ್ರೆ ನಂಗೆ ವಾಂತಿ. ಮುಂದಿನ ವರ್ಷ ನೋಡೋಣ” ಎಂದು ಹೆಂಡತಿ ಪ್ರತಿವರ್ಷವೂ ಮಾತು ಮುಗಿಸುತ್ತಿದ್ದಳು. ಈ ವರ್ಷ ಮಾತ್ರ, ಅದೇಕೋ, “ಆಯ್ತು, ಬರ್ತೀನಿ” ಎಂದಿದ್ದಳು. ಅಂದು ದರ್ಜಿಯವರು ಯಾರದೋ ಅಂಗಿಗೆ ಎರಡೂ ಎಡತೋಳು ಜೋಡಿಸಿಬಿಟ್ಟಿದ್ದರು.

* * *

ಎದುರುಸಾಲಿನ ದರ್ಜಿ ಒಳಗೆ ಬಂದ. ಇಪ್ಪತ್ತು ವರ್ಷದಿಂದ ಆತನಿಗೂ ದರ್ಜಿಯವರಿಗೂ ಮಾತಿರಲಿಲ್ಲ. ಒಂದು ಕೈ ಕಣ್ಣೊರೆಸುತ್ತಿದ್ದಂತೆಯೇ ಇನ್ನೊಂದು ಕೋಟಿನ ಒಳಮೈ ತಿರುವಿ ನೋಡಿತು.

“ಹೊಲಿಗೆ ಚೆನ್ನಾಗಿದೆ ಅಂತ ಇವನ ಮುಂದೆ ಒಂದಿನಾನೂ ಹೇಳ್ಲಿಲ್ಲಮ್ಮ ನಾನು.”

“ಈಗ ಹೇಳಿ. ಎದುರುತ್ತರ ಕೊಡಲ್ಲ.”

ಆತ ಸೂಜಿ ಕೇಳಿ ಪಡೆದು, ದೇಹದ ಪಕ್ಕದಲ್ಲೇ ಕೂತು ತೋಳು ಹೊಲಿಯತೊಡಗಿದ. ಹೊರಗೆ ಶವ ಒಯ್ಯಲು ಬಂದಿದ್ದ ವಾಹನ ಎರಡು ಸಲ ಹಾರ್ನ್ ಹೊಡೆಯಿತು.

“ಇರಪ್ಪಾ! ದರ್ಜಿ ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟಿದ್ದುಂಟಾ?” ಎಂದು ತಮ್ಮ ಕೂಗಿದ. ಅಳುತ್ತಿದ್ದವರೂ ನಕ್ಕರು.

ತೊಡಿಸಿದಾಗ ಎಡತೋಳು ಬೆರಳಿನ ಬುಡದವರೆಗೆ ಇಳಿಯಿತು.

“ಒಂದಿಂಚು ಉದ್ದ ಆಯ್ತಲ್ಲಮ್ಮ.”

“ಇರಲಿ ಬಿಡಿ. ಅವರ ಲೆಕ್ಕ ಹಾಗೇ.”

ಎಲ್ಲ ಮುಗಿಸಿ ಬಂದ ಮೇಲೆ ಆಕೆ ತಮ್ಮನನ್ನು ಮೇಜಿನ ಬಳಿ ಕರೆದಳು. “ಅವರ ಟಿಕೆಟ್ ವಾಪಸ್ ಮಾಡು. ನಂದು ಇರಲಿ.”

“ಒಬ್ಬಳೇನಾ? ತಿರುವಿಗೆ ವಾಂತಿ ಅಂತಿದ್ದೆ?”

“ಬರ್ಲಿ. ವಾಂತಿ ಚೀಲ ಇಟ್ಕೊಳ್ಳೋಕೂ ನನ್ನ ಕೋಟಲ್ಲಿ ಒಂದು ಜೇಬು ಹೊಲಿದಿದ್ದಾರೆ ಕಣೋ.”

ಆಕೆ ತನ್ನ ಕೋಟು ತೊಟ್ಟು, ಭೂಪಟದ ಮೇಲೆ ಟೇಪನ್ನು ಸರೋವರದ ಅಂಚಿಗೇ ಬಗ್ಗಿಸಿ, ತಿರುವಿಗೊಂದು ಗುಂಡುಸೂಜಿ ಚುಚ್ಚುತ್ತ ಬೆಟ್ಟ ಹತ್ತಿದಳು. ಗಡಿ ಬರುವ ಮೊದಲೇ ಟೇಪು ಮುಗಿಯಿತು. ಅವರ ಬೆರಳಿದ್ದ ಜಾಗದಲ್ಲಿ ತನ್ನ ಬೆರಳಿಟ್ಟು ಕಣ್ಣು ಮುಚ್ಚಿದಳು.

“ದೇವರೇ, ಇವರಿಗೆ ಶಾಂತಿ ಕೊಡು. ನಿನ್ನ ಗಡಿಯಲ್ಲಿ ಹೆಚ್ಚು ಪ್ರಶ್ನೆ ಕೇಳದೆ ಒಳಗೆ ಬಿಡು.”