ಮೂರರ ಜಾಗ

"ಒಂದು, ಎರಡು, ಮೂರು, ನಾಲ್ಕು" ಎಂದ ನೆವಿಲ್. ಅವನು ಸತ್ತು ಮೂವತ್ತೊಂದು ವರ್ಷವಾಗಿತ್ತು.

ಸ್ಪೀಕರಿನ ಪಕ್ಕ ಕೂತಿದ್ದ ಅವನ ಹೆಂಡತಿ ನೋರೀನ್ ನೀರಿನ ಲೋಟವನ್ನು ಮುಂದಕ್ಕೆ ಸರಿಸಲು ಹೋದವಳು ಅಲ್ಲೇ ಕೈ ತಡೆದಳು. "ಇದ್ಯಾರು?"

"ನಿನ್ ಗಂಡ ಕಣಮ್ಮ. ಕಿವಿನೂ ಹೋಯ್ತಾ?" ಡೆಸ್ಮಂಡ್ ನಕ್ಕ.

ಅವರ ಸಂಗೀತ ತಂಡದಲ್ಲಿ ಗಿಟಾರ್ ಡೆಸ್ಮಂಡ್‌ನದು, ಡ್ರಮ್ಸ್ ನೆವಿಲ್‌ನದು. ೧೯೮೫ರಲ್ಲಿ ಅವರು ತಂದ ಒಂದೇ ಒಂದು ಆಲ್ಬಮ್ಮನ್ನು ತಮ್ಮೂರು ರಾಚ್‌ಡೇಲ್‌ನಲ್ಲೇ ಯಾರೂ ಕೇಳಲಿಲ್ಲ. ಡೆಸ್ಮಂಡ್ ಬಸ್ಸು ಓಡಿಸಿ ನಿವೃತ್ತನಾದ. ಈಗ ಲಂಡನ್ನಿನ ಕಂಪನಿಯೊಂದು ಆ ಆಲ್ಬಮ್ಮಿನ ಧ್ವನಿ ಶುದ್ಧ ಮಾಡಿ ಮತ್ತೆ ತರುತ್ತೇನೆಂದಿತ್ತು. ನೆವಿಲ್‌ನ ಪರವಾಗಿ ನೋರೀನ್ ಸಹಿ ಹಾಕದೆ ಅದು ಹೊರಬರುವಂತಿರಲಿಲ್ಲ. ಕಾಗದ ಟೇಬಲ್ಲಿನ ಮೇಲಿತ್ತು.

"ಅವನು ಮೂರು ಅಂದಿರ್ಲಿಲ್ಲ, ಡೆಸ್."

ಡೆಸ್ಮಂಡ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. "ಅಲ್ಲಿದ್ದ ಅವನ ಕೆಮ್ಮು ತೆಗ್ದವ್ರೆ. ಬೇರೆ ಹಾಡಿಂದ ಅವನದೇ 'ಮೂರು' ತಂದು ಅಂಟಿಸವ್ರೆ. ಗೊತ್ತೇ ಆಗಲ್ಲ."

ನೆವಿಲ್ ಹನ್ನೊಂದು ವರ್ಷ ಗಿರಣಿಯಲ್ಲಿ ಹತ್ತಿ ಹಿಂಜುವ ಕೋಣೆಯಲ್ಲಿದ್ದ. ಭಾನುವಾರದ ರಜೆಗೆ ಎದೆ ಸಡಿಲಾಗುತ್ತಿತ್ತು. ಸೋಮವಾರ ಮತ್ತೆ ಧೂಳಿಗೆ ಇಳಿದರೆ ಹಿಡಿದುಕೊಳ್ಳುತ್ತಿತ್ತು. ಅವರಿಗೆ ಸ್ಟುಡಿಯೊ ಸಿಗುತ್ತಿದ್ದದ್ದು ಸೋಮವಾರ ಸಂಜೆ ಮಾತ್ರ. ಎಲ್ಲ ಹಾಡಿಗೂ ಕೆಮ್ಮು ನುಂಗಿಕೊಂಡು ಎಣಿಸಿದವನಿಗೆ ಈ ಒಂದರಲ್ಲಿ ಆಗಲಿಲ್ಲ. ಮೂರರ ಜಾಗದಲ್ಲಿ ಕೆಮ್ಮು ಬಂತು. ಆದರೂ ತಾಳ ತಪ್ಪಲಿಲ್ಲ. ಮೂವತ್ತೇಳನೆಯ ವಯಸ್ಸಿಗೆ ಸತ್ತಾಗ ಗಿರಣಿಯ ಡಾಕ್ಟರು ಕಾರಣ ಬರೆದದ್ದು ಸಿಗರೇಟು ಎಂದು. ನೆವಿಲ್ ಒಂದು ದಿನವೂ ಸಿಗರೇಟು ಬಾಯಿಗಿಟ್ಟವನಲ್ಲ. ಬರೆದವನನ್ನು ಎಲ್ಲರೂ ನಂಬಿದರು. ಉಸಿರಾಡಲಾಗದವನನ್ನು ಯಾರೂ ನಂಬಲಿಲ್ಲ. ಆ ಗಿರಣಿಯನ್ನೂ ಆಮೇಲೆ ತೊಳೆದು, ಫ್ಲ್ಯಾಟ್ ಮಾಡಿ ಮಾರಿದರು.

"ಕೆಮ್ಮು ಇದ್ರೆ ಆಲ್ಬಮ್ ಬರ್ಲಿ. ಇಲ್ದಿದ್ರೆ ಬೇಡ" ಎಂದಳು ನೋರೀನ್.

"ನಲವತ್ತು ವರ್ಷ ಆದ್ಮೇಲೆ ಯಾರೋ ನಮ್ಮನ್ನ ಕೇಳ್ತೀವಿ ಅಂತವ್ರೆ. ನಾನೂ ಇನ್ನೆಷ್ಟು ದಿನ ಇರ್ತೀನಿ? ಒಂದು ಕೆಮ್ಮಿಗೋಸ್ಕರ ಕೆಡಿಸ್ತೀಯಾ? ಕೇಳೋರಿಗೆ ಅದ್ಯಾಕೆ ಬೇಕು?"

"ಗಿರಣಿಯೋರು ಕೇಳ್ಲಿಲ್ಲ. ಡಾಕ್ಟ್ರು ಕೇಳ್ಲಿಲ್ಲ. ನೀನು ಪಕ್ದಲ್ಲೇ ಇದ್ದೆ. ಏನ್ ಮಾಡ್ದೆ?"

ಡೆಸ್ಮಂಡ್ ಬಿಸ್ಕತ್ತನ್ನು ಮತ್ತೆ ಚಹಾಕ್ಕೆ ಇಳಿಸಿದ.

"ನಕ್ಕೆ. ತಮಾಷೆಯಾಗೈತೆ, ಹಂಗೇ ಇರ್ಲಿ ಅಂದೆ. ಕೆಮ್ಮಿನ ಹಿಂದೇನೇ ನಿನ್ ನಗು ಐತೆ, ನಲವತ್ತು ವರ್ಷದಿಂದ ಕೇಳ್ತಿದೀನಿ. ಅದ್ನೂ ತೆಗ್ದವ್ರೆ. ನಿಂಗೆ ಹಗುರ ಆಯ್ತೇನೋ."

ಬಿಸ್ಕತ್ತು ತುಂಡಾಗಿ ಚಹಾದಲ್ಲಿ ಮುಳುಗಿತು. ಡೆಸ್ಮಂಡ್ ಎದ್ದು, ಕಪಾಟಿನಿಂದ ಹಳೆಯ ರೆಕಾರ್ಡ್ ತೆಗೆದು ಪ್ಲೇಯರಿನ ಮೇಲಿಟ್ಟ. ಅದೇ ಹಾಡಿನ ಮೇಲೆ ಮುಳ್ಳು ಇಳಿಸಿದ.

ಒಂದು, ಎರಡು.

ಕೆಮ್ಮು. ಅದರ ಬೆನ್ನಿಗೇ ಒಬ್ಬ ಹುಡುಗನ ಜೋರು ನಗು. ಡೆಸ್ಮಂಡ್ ಬಾಯಿಯ ಮೇಲೆ ಕೈಯಿಟ್ಟುಕೊಂಡ.

ಆ ಕೆಮ್ಮು ಕೇಳಿದಾಗಲೆಲ್ಲ ಮಾಡುವಂತೆ ನೋರೀನ್ ನೀರಿನ ಲೋಟವನ್ನು ಸ್ಪೀಕರಿನ ಹತ್ತಿರಕ್ಕೆ ಸರಿಸಿದಳು. ಸಹಿಯಿಲ್ಲದ ಕಾಗದದ ಮೇಲೆ ನೀರಿನ ಗೆರೆಯೊಂದು ಎಳೆದುಕೊಂಡು ಹೋಯಿತು.

"ನಾಲ್ಕು" ಎಂದ ನೆವಿಲ್.