ಅಜ್ಜಿಯ ಬೆರಳುಗಳು ಹೇಳಿದ್ದು

ಅಜ್ಜಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಬೇರೆ ಕೊರತೆ ಏನೂ ಇರಲಿಲ್ಲ. ಎಪ್ಪತ್ತೆಂಟರಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಗಳ ಹೊಲಿಗೆ ಅಂಗಡಿಯ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜ ಹೊಲಿಯುವವಳು ಅವಳೇ. ಕಾಜಕ್ಕೆ ಮೆಷೀನು ಬಂದ ಮೇಲೂ ಗಿರಾಕಿಗಳು ಅಜ್ಜಿಯ ಕೈಯದ್ದೇ ಬೇಕು ಎನ್ನುತ್ತಿದ್ದರು.

ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಕಿವುಡಿಯ ಹತ್ತಿರ ಹಸುಗೂಸು ಬಿಡಬಾರದು, ಬಿಟ್ಟರೆ ಅದಕ್ಕೂ ಮಾತು ಬರುವುದಿಲ್ಲ. ಹಾಗಾಗಿ ಮಗಳನ್ನು ಹುಟ್ಟಿದ ಮೂರನೇ ದಿನವೇ ಸೋದರತ್ತೆ ಪಕ್ಕದ ಬೀದಿಗೆ ಎತ್ತಿಕೊಂಡು ಹೋದಳು. ಮಗಳು ತಿರುಗಿ ಬಂದದ್ದು ಆರನೇ ವರ್ಷಕ್ಕೆ. ಅಷ್ಟರಲ್ಲಿ, ಕೈ ಆಡಿಸಿ ಮಾತಾಡಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ಅವಳ ತಲೆಗೆ ತುಂಬಿಯಾಗಿತ್ತು. ತಾಯಿ ಕೈಯೆತ್ತಿದರೆ ಮಗಳು ತನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದಳು. ಬಾ, ಬೇಡ, ಸಾಕು. ಈ ಮೂರು ಸನ್ನೆಗಳಲ್ಲೇ ಇಬ್ಬರ ಬಾಳು ನಡೆಯಿತು.

ಮೊಮ್ಮಗಳು ಹುಟ್ಟುವ ಹೊತ್ತಿಗೆ ಸೋದರತ್ತೆಗೆ ಮಂಡಿನೋವು ಹಿಡಿದಿತ್ತು. ಕೂಸನ್ನು ಎತ್ತಿ ಆಡಿಸುವ ತ್ರಾಣವಿರಲಿಲ್ಲ. ಕಟ್ಟಳೆಯೂ ಕಾಲು ಚಾಚಿ ಕೂತಿತು. ಹುಡುಗಿ ಅಜ್ಜಿಯ ಮಡಿಲಲ್ಲೇ ಬೆಳೆದಳು.

ಈಗ ಅವಳಿಗೆ ಹದಿನೈದು. ಶಾಲೆ ಬಿಟ್ಟು ಬಂದರೆ ಅಜ್ಜಿಯ ಎದುರಿಗೇ ಕೂರುವುದು. ಬೆರಳುಗಳು ಓಡಾಡುತ್ತಿದ್ದವು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ದಿನ ಮಗಳು ಮೆಷೀನು ನಿಲ್ಲಿಸಿ ಕೇಳಿದಳು, "ಏನಂತೆ?"

"ಏನಿಲ್ಲಮ್ಮ. ಆ ಬೇಕರಿಯವನ ಹೊಟ್ಟೆಗೆ ಗುಂಡಿ ಸಾಲಲ್ಲ, ಚಿಲಕಾನೇ ಹಾಕ್ಬೇಕಂತೆ."

ಮಗಳು ನಗಲಿಲ್ಲ. ತನ್ನಮ್ಮ ತಮಾಷೆ ಮಾಡುತ್ತಾಳೆ ಎಂಬುದೇ ಐವತ್ತು ವರ್ಷ ಅವಳಿಗೆ ಗೊತ್ತಿರಲಿಲ್ಲ. ಒಳಗೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

"ಕೈ ಇಳಿಸೇ! ನಾಲಿಗೆ ಬಿದ್ದುಹೋಗುತ್ತೆ," ಎಂದಳು. ಆ ಮಾತನ್ನು ಅವಳೇ ನಂಬುತ್ತಿರಲಿಲ್ಲ.

ಹೊಸ್ತಿಲ ಹತ್ತಿರ ಕೂತಿದ್ದ ಸೋದರತ್ತೆ ದನಿಗೂಡಿಸಿದಳು. "ಹಾಗೆ ಹೇಳು. ನಾನು ಸಾಕಿದ್ದಕ್ಕೇ ನೀನಿವತ್ತು ಗಿರಾಕಿಗಳ ಹತ್ರ ಪಟಪಟ ಅಂತ ಮಾತಾಡೋದು."

"ದೊಡ್ಡಜ್ಜಿ, ನಾನು ಹುಟ್ಟಿದಾಗಿಂದ ಅಜ್ಜಿ ಮಡಿಲಲ್ಲೇ ಇದ್ದೀನಿ. ನನ್ನ ಬಾಯಿಗೆ ಬೀಗ ಹಾಕ್ಬೇಕು ಅಂತ ದಿನಾ ಬೈಯೋರು ನೀವೇ ತಾನೆ?" ಹುಡುಗಿ ತಾಯಿಯ ಕಡೆ ತಿರುಗಿದಳು. "ಅಮ್ಮ, ನೀನೂ ಕಲಿ. ನಾನೇ ಹೇಳಿಕೊಡ್ತೀನಿ."

"ನನ್ನಮ್ಮನ ಮಾತು ನೀನು ನನಗೆ ಹೇಳಿಕೊಡ್ತೀಯಾ?"

ಮುಂದಿನ ವಾರವೇ ಹುಡುಗಿಯನ್ನು ಶಾಲೆಯ ಹಾಸ್ಟೆಲ್ಲಿಗೆ ಸೇರಿಸಿಬಿಟ್ಟಳು. ಓದು ಕೆಡುತ್ತದೆ ಎಂಬುದು ನೆಪ.

ಎರಡು ತಿಂಗಳ ನಂತರ ಒಂದು ಮಂಗಳವಾರ ಬೆಳಿಗ್ಗೆ ಅಜ್ಜಿ ಮೆಷೀನಿನ ಮುಂದೆ ಬಂದು ನಿಂತಳು. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿ, ಬಲಗೈಯನ್ನು ಗಾಳಿಯಲ್ಲಿ ಮಗುಚಿದಳು. ಆಮೇಲೆ ಬೀದಿಯ ಕಡೆ ತೋರಿಸಿದಳು. ಮಗಳು ಸೂಜಿ ಕೊಟ್ಟಳು. ಅದು ಕೆಳಗೆ ಬಿತ್ತು. ದಾರ ಕೊಟ್ಟಳು, ನೀರು ಕೊಟ್ಟಳು. ಅಜ್ಜಿ ಮತ್ತೆ ಮತ್ತೆ ಅದನ್ನೇ ಹೇಳಿದಳು. ಹಾಸ್ಟೆಲ್ಲಿಗೆ ಫೋನ್ ಮಾಡಿದ್ದರೆ ಹುಡುಗಿ ಅರ್ಧ ಗಂಟೆಯಲ್ಲಿ ಬರುತ್ತಿದ್ದಳು. ಮಗಳು ಫೋನು ಕೈಗೆತ್ತಿಕೊಂಡಳು ಕೂಡ. ಮೊಮ್ಮಗಳನ್ನು ಕಂಡರೆ ಅರಳುವ ಅಮ್ಮನ ಮುಖ ನೆನಪಾಯಿತು. ಇಟ್ಟುಬಿಟ್ಟಳು.

ಬುಧವಾರವೂ ಅದೇ ಸನ್ನೆ. ಗುರುವಾರ ಕೈ ಮೇಲೇಳಲಿಲ್ಲ. ಶುಕ್ರವಾರ ಆಸ್ಪತ್ರೆಯಲ್ಲಿ ಅಜ್ಜಿ ತೀರಿಕೊಂಡಳು. ಪಾರ್ಶ್ವವಾಯು, ಮೊದಲ ದಿನವೇ ತರಬೇಕಿತ್ತು ಎಂದರು ಡಾಕ್ಟರು.

ಹುಡುಗಿ ಅತ್ತು ಮುಗಿಸಿ ಕೇಳಿದಳು, "ಏನೂ ಹೇಳಲಿಲ್ವಾ ಅಜ್ಜಿ?"

ಮಗಳು ಮಾಡಿ ತೋರಿಸಿದಳು. ಹುಟ್ಟಿದ ಮೇಲೆ ಮೊದಲ ಸಲ ಅವಳ ಕೈಗಳು ತಾಯಿಯ ಹಾಗೆ ಆಡಿದವು.

"ಬೆರಳಿಗೆ ಏನೂ ಗೊತ್ತಾಗ್ತಿಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋಗು," ಎಂದಳು ಹುಡುಗಿ. "ಅಷ್ಟೇ ಅಮ್ಮ, ಅಜ್ಜಿ ಹೇಳಿದ್ದು."

"ಎಲ್ಲಾ ಹಣೆಬರಹ," ಎಂದಳು ಸೋದರತ್ತೆ.

"ಹಣೆಬರಹ ಅಲ್ಲ ಅತ್ತೆ. ನೀವು ಮಾಡಿದ್ದು. ಗೊತ್ತಿದ್ದೂ ನಾನು ಮಾಡಿದ್ದು."

ಕಳೆದುಹೋದದ್ದು ಇಷ್ಟು: ತಾಯಿ ಮಗಳ ಐವತ್ತು ವರ್ಷದ ಮಾತು, ಅಜ್ಜಿ ಮೊಮ್ಮಗಳ ಕೊನೆಯ ಎರಡು ತಿಂಗಳು, ಚಿಕಿತ್ಸೆಯ ಮೂರು ದಿನ, ಒಂದು ಜೀವ.